ಕ್ರಾಫ್ಟಿಂಗ್ ಗುಟ್ಟು: ಕಂಡುಹಿಡಿದವರು ಬಚ್ಚಿಟ್ಟುಕೊಂಡರೆ ತಪ್ಪಾ?

ಬೂದಿಕುಪ್ಪಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಆಡುವ ಆನ್‌ಲೈನ್ ಆಟದಲ್ಲಿ ಮದ್ದು ಕಾಯಿಸುವ ಕಸುಬಿದೆ. ಆಟದೊಳಗೆ ಹೀಗೆ ಸಾಮಾನು ಸೇರಿಸಿ ವಸ್ತು ಮಾಡುವುದಕ್ಕೇ ಕ್ರಾಫ್ಟಿಂಗ್ ಅನ್ನುವುದು. ಒಂದು ಕುಪ್ಪಿ, ಐದು ಖಾನೆ. ಯಾವ ಖಾನೆಗೆ ಏನು ಹಾಕಬೇಕು, ಎಷ್ಟು ಹೊತ್ತು ಕಾಯಿಸಬೇಕು, ಆಟ ಒಂದನ್ನೂ ಹೇಳುವುದಿಲ್ಲ. ಐದೂ ತುಂಬುವವರೆಗೆ ಕುಪ್ಪಿಯ ಮೇಲೊಂದು ಕೆಂಪು ಗುರುತು ಮಿನುಗುತ್ತಿರುತ್ತದೆ, ಅಷ್ಟೇ. ತಪ್ಪಿದರೆ ಬೂದಿ. ಸಾಮಾನೂ ಹೋಯಿತು, ಕುಪ್ಪಿಯೂ ಒಡೆಯಿತು. ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಯಿತಲ್ವಾ.

ಎರಡು ತಿಂಗಳು ಬರೀ ಬೂದಿ ಮಾಡಿದೆ. ಪ್ರತಿ ಸಲವೂ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 212 ಸಾಲು. 212ನೆಯದು ರಾತ್ರಿ ಎರಡು ಗಂಟೆಗೆ. ಕುಪ್ಪಿ ಒಡೆಯುವ ಸದ್ದಿಗೆ ಕಿವಿ ಒಗ್ಗಿಹೋಗಿತ್ತು. ಅವತ್ತು ಆ ಸದ್ದು ಬರಲೇ ಇಲ್ಲ. ನೋಟ್‌ಬುಕ್‌ನಿಂದ ತಲೆಯೆತ್ತಿ ನೋಡಿದರೆ ಕುಪ್ಪಿಯಲ್ಲಿ ಹಸಿರು. ವಿಷ ತಡೆಯುವ ಮದ್ದು! ಎಲ್ಲರಿಗೂ ಗೊತ್ತಿರುವ ಮದ್ದು 30 ಸೆಕೆಂಡ್ ತಡೆಯುತ್ತದೆ. ಇದು 90. ಜೌಗುಗುಹೆಯ ಕೊನೆಯ ರಾಕ್ಷಸ ಬಿಡುವ ವಿಷದ ಮಂಜು ಇರುವುದೇ 80 ಸೆಕೆಂಡ್. ಲೆಕ್ಕ ನೀವೇ ಹಾಕಿ.

ನನ್ನ ಗಿಲ್ಡ್‌ನವರಿಗೆ, ಅಂದರೆ ಆಟದಲ್ಲಿ ನಾನಿರುವ ತಂಡದವರಿಗೆ, ಮದ್ದು ಬಿಟ್ಟಿಯಾಗಿ ಕೊಡುತ್ತಿದ್ದೇನೆ. ಹೊರಗಿನವರಿಗೆ ಮಾರುತ್ತೇನೆ. ಈಗ ಗಿಲ್ಡ್ ಮುಖಂಡರು ಮದ್ದು ಸಾಲದು, ರೆಸಿಪಿಯನ್ನೇ ಗಿಲ್ಡ್ ಪುಸ್ತಕದಲ್ಲಿ ಬರೆಯಬೇಕು ಅನ್ನುತ್ತಿದ್ದಾರೆ. ಅಲ್ಲಿಯವರೆಗೆ ಉಗ್ರಾಣದಿಂದ ನನಗೆ ಒಂದು ಎಲೆಯೂ ಇಲ್ಲವಂತೆ. ಒಬ್ಬರು 'ಸ್ವಾರ್ಥಿ' ಅಂತಲೂ ಅಂದರು. ಆ ಮಾತು ಚುಚ್ಚಿದೆ, ಸುಳ್ಳು ಹೇಳಲ್ಲ.

ಬಚ್ಚಿಟ್ಟುಕೊಳ್ಳುವುದು ನಿಜಕ್ಕೂ ತಪ್ಪಾ?

ತುಕ್ಕುಕತ್ತಿ

ತಪ್ಪಲ್ಲ. ಹೇಳಬೇಡಿ. 212 ಸಲ ಬೂದಿಯಾಗುವಾಗ ಅವರ್ಯಾರೂ ಪಕ್ಕದಲ್ಲಿ ಕೂತಿರಲಿಲ್ಲ.

ಗಿಲ್ಡ್ ಗುಮಾಸ್ತ

ನಾನು ಒಂದು ಗಿಲ್ಡ್‌ನ ಉಗ್ರಾಣದ ಲೆಕ್ಕ ಬರೆಯುವವನು. ಬೂದಿಕುಪ್ಪಿಯವರ ಗಿಲ್ಡ್ ಅಲ್ಲ, ಆಟವೂ ಬೇರೆ. ಆದರೂ ಆ ಕಡೆಯ ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಒಬ್ಬ ಕಮ್ಮಾರನಿದ್ದ. ಒಳ್ಳೆಯವನು. ಕವಚಕ್ಕೆ ಮಿಶ್ರಲೋಹ ಕಾಯಿಸುವ ಹದ ಅವನೊಬ್ಬನಿಗೇ ಗೊತ್ತು. ಕೇಳಿದರೆ 'ನಾನಿದ್ದೀನಲ್ಲ, ಯಾವಾಗ ಬೇಕಾದರೂ ಹೇಳಿ' ಅನ್ನುತ್ತಿದ್ದ. ಯಾವಾಗ ಹೇಳಿದರೂ ಮಾಡಿಕೊಡುತ್ತಿದ್ದ ಕೂಡ. ಒಂದು ದಿನ ಬರಲಿಲ್ಲ. ಮರುದಿನವೂ ಇಲ್ಲ. ಅವನ ಹೆಸರಿನ ಪಕ್ಕದ ದೀಪ ಇವತ್ತಿಗೂ ಆರಿಯೇ ಇದೆ. ಕೆಲಸ ಸಿಕ್ಕಿತೋ, ಬೇಜಾರಾಯಿತೋ, ಯಾರಿಗೂ ತಿಳಿಯದು. ಒಂಬತ್ತು ಜನರ ಕವಚ ಒಂದೊಂದಾಗಿ ತೂತು ಬಿದ್ದವು. ಎರಡು ತಿಂಗಳು ಸತ್ತು ಸತ್ತು ಆಡಿದೆವು. ಆಮೇಲೆ ನಾಲ್ಕು ಜನ ಬೇರೆ ಗಿಲ್ಡ್‌ಗೆ ಹೋದರು.

ಅವನನ್ನು ಸ್ವಾರ್ಥಿ ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಆದರೆ ಗುಟ್ಟು ಒಬ್ಬನ ತಲೆಯಲ್ಲೇ ಇದ್ದರೆ ಇಡೀ ಗುಂಪನ್ನು ಆ ತಲೆಗೆ ಕಟ್ಟಿಹಾಕಿದ ಹಾಗೆ.

ಇನ್ನೊಂದು ಪ್ರಶ್ನೆ, ಸ್ವಲ್ಪ ಒರಟು. ಆ 212 ಬೂದಿಗೆ ಹೋದ ಎಲೆ, ಬೇರು ಎಲ್ಲ ಯಾರದ್ದು?

ಬೂದಿಕುಪ್ಪಿ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಮೊದಲ 70 ಸಲದ್ದು ಗಿಲ್ಡ್ ಉಗ್ರಾಣದ್ದು. ಆಮೇಲೆ 'ಹಾಳು ಮಾಡಬೇಡ' ಅಂತ ಬೈಸಿಕೊಂಡೆ. ಉಳಿದದ್ದು ನಾನೇ ಕಾಡು ಮೇಡು ಅಲೆದು ಕಿತ್ತದ್ದು. ಅಂದರೆ ಮೂರರಲ್ಲಿ ಒಂದು ಪಾಲು ಅವರದ್ದೇ ಅನ್ನಿ. ಗುಟ್ಟಿನಲ್ಲಿ ಒಂದು ಪಾಲು ಮಾತ್ರ ಹೇಳಲು ಬರುತ್ತದಾ?

ತುಕ್ಕುಕತ್ತಿ

ಐದರಲ್ಲಿ ಒಂದೂವರೆ ಖಾನೆ ಹೇಳಿಬಿಡಿ.

ಹಳೆ ಕುಲುಮೆ

ಈ ಜಗಳ ಹೊಸದಲ್ಲ. ನಾನು ನೋಡಿದ ಮಟ್ಟಿಗೆ ಇದಕ್ಕೆ ಕಾಲು ಶತಮಾನದ ವಯಸ್ಸಾಗಿದೆ.

1999ರಲ್ಲಿ ಎವರ್‌ಕ್ವೆಸ್ಟ್ ಬಂದಾಗ ಕ್ರಾಫ್ಟಿಂಗ್ ಕಿಟಕಿಯಲ್ಲಿ ರೆಸಿಪಿಯ ಪಟ್ಟಿಯೇ ಇರಲಿಲ್ಲ. ಒಲೆಗೋ ಕುಲುಮೆಗೋ ಸಾಮಾನು ಹಾಕಿ ಗುಂಡಿ ಒತ್ತಬೇಕು. ರೆಸಿಪಿ ಸರಿಯಿದ್ದರೂ ಕೈ ಪಳಗಿಲ್ಲದಿದ್ದರೆ ಸಾಮಾನು ಮಾಯ. ಅದೇ ವರ್ಷ ಬಂದ ಆಶೆರನ್ಸ್ ಕಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮಂತ್ರವನ್ನೇ ಕಂಡುಹಿಡಿಯಬೇಕಿತ್ತು. ಮೂಲಿಕೆ, ಪುಡಿ, ರಸ, ಜೊತೆಗೆ ಬಣ್ಣಬಣ್ಣದ ಬತ್ತಿ. ಇವನ್ನೆಲ್ಲ ಸರಿಯಾಗಿ ಜೋಡಿಸಿದರೆ ಮಂತ್ರ ಸಿದ್ಧಿಸುತ್ತದೆ. ಬತ್ತಿಗಳ ಜೋಡಣೆ ಮಾತ್ರ ಆಟಗಾರನಿಂದ ಆಟಗಾರನಿಗೆ ಬೇರೆ. ಗೆಳೆಯನಿಗೆ ಫಲಿಸಿದ್ದು ನಿಮಗೆ ಫಲಿಸುವುದಿಲ್ಲ. ಮೇಲಾಗಿ ಒಂದು ಮಂತ್ರವನ್ನು ಜಾಸ್ತಿ ಜನ ಬಳಸಿದಷ್ಟೂ ಅದರ ಬಲ ಕುಗ್ಗುತ್ತಿತ್ತು. ಗುಟ್ಟು ಕಾಯಲು ಇದಕ್ಕಿಂತ ಕಾರಣ ಬೇಕಾ? ಆದರೂ ಜನ ಬಿಡಲಿಲ್ಲ. ಬತ್ತಿಯ ಜೋಡಣೆಯ ಹಿಂದಿನ ಲೆಕ್ಕವನ್ನೇ ಬಿಡಿಸಿದರು, ಪುಟ್ಟ ಪ್ರೋಗ್ರಾಂ ಬರೆದರು. ನಿಮ್ಮ ಬತ್ತಿ ಯಾವುದು ಅಂತ ಅದೇ ಹೇಳುತ್ತಿತ್ತು. ಅಷ್ಟು ಜಾಣತನದಿಂದ ಮಾಡಿದ ಬೀಗ, ಅದೂ ಉಳಿಯಲಿಲ್ಲ.

ಬೀಗ ಉಳಿದ ಆಟವೂ ಒಂದಿದೆ. 2003ರಲ್ಲಿ ಬಂದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್. ಅಲ್ಲಿ ಬಂದೂಕಿಗೆ ಏನೇನು ಬೇಕು ಅಂತ ಎಲ್ಲರಿಗೂ ಕಾಣುತ್ತಿತ್ತು. ಗುಟ್ಟು ಇದ್ದದ್ದು ಲೋಹದಲ್ಲಿ. ನೆಲದಡಿ ಸಿಗುವ ಒಂದೊಂದು ತಾಮ್ರಕ್ಕೂ ಒಂದೊಂದು ಉಕ್ಕಿಗೂ ಅದರದೇ ಗುಣ. ವಿದ್ಯುತ್ ಎಷ್ಟು ಹರಿಯುತ್ತದೆ, ಎಷ್ಟು ಗಟ್ಟಿ, ಎಷ್ಟು ಬಾಗುತ್ತದೆ ಅಂತ ಅಂಕಿಗಳು. ಆ ನಿಕ್ಷೇಪ ಕೆಲವು ದಿನ ಇರುತ್ತದೆ, ಆಮೇಲೆ ಖಾಲಿ. ಅದೇ ಲೋಹ ಮತ್ತೆ ಬರುವುದಿಲ್ಲ. ಬಂದರೆ ಹೊಸ ಹೆಸರು, ಹೊಸ ಅಂಕಿ. ಆ ವಾರ ಎಚ್ಚರವಾಗಿದ್ದು, ಸರಿಯಾದ ಜಾಗದಲ್ಲಿ ಯಂತ್ರ ನೆಟ್ಟು ತೆಗೆದಿಟ್ಟುಕೊಂಡವನೇ ಮುಂದೆ ತಿಂಗಳುಗಟ್ಟಲೆ ರಾಜ. ಯಾವ ಲೋಹ ಎಲ್ಲಿದೆ ಅಂತ ಜನ ಪಟ್ಟಿ ಮಾಡಿ ಹಂಚುತ್ತಲೇ ಇದ್ದರು. ಆದರೂ ಒಳ್ಳೆಯ ಬಂದೂಕು ಮಾಡುವವನ ಹೆಸರಿಗೆ ಬೆಲೆ ಇತ್ತು. 2011ರ ಡಿಸೆಂಬರ್‌ನಲ್ಲಿ ಆಟ ಮುಚ್ಚಿತು. ಹಳಬರು ಎದುರಾದರೆ ಈಗಲೂ ಮಾತು ಲೋಹಕ್ಕೇ ಬಂದು ನಿಲ್ಲುತ್ತದೆ.

ಅದಕ್ಕೇ ನನಗೆ ಅನ್ನಿಸುವುದು, ಹೇಳಬೇಕಾ ಬಿಡಬೇಕಾ ಅನ್ನುವುದು ಎರಡನೇ ಪ್ರಶ್ನೆ. ಚೀಟಿಯಲ್ಲಿ ಒಂದು ಸಾಲು ಬರೆದರೆ ಮುಗಿಯುವ ಗುಟ್ಟು ಇವತ್ತಲ್ಲ ನಾಳೆ ಸೋರುತ್ತದೆ. ಆಟ ಕಟ್ಟಿದವರು ಅಂಥ ಗುಟ್ಟು ಇಟ್ಟು ಮನೆಗೆ ಹೋದರು. ಜಗಳ ನಿಮ್ಮ ನಿಮ್ಮಲ್ಲಿ.

ನಿದ್ದೆಗೆಟ್ಟವ

ಸೋರುತ್ತದೆ ಅಲ್ಲ, ಸೋರಿಯೇ ಇರುತ್ತದೆ. ರೆಸಿಪಿ ನಿಮ್ಮ ಕಂಪ್ಯೂಟರ್‌ಗೆ ಇಳಿದ ಫೈಲ್‌ಗಳಲ್ಲಿದ್ದರೆ, ಪ್ಯಾಚ್, ಅಂದರೆ ಆಟದ ಹೊಸ ತಿದ್ದುಪಡಿ, ಬಂದ ರಾತ್ರಿಯೇ ಯಾರೋ ಅದನ್ನು ಬಿಚ್ಚಿ ನೋಡಿರುತ್ತಾರೆ. ಆಟದ ಕಂಪನಿಯ ಸರ್ವರ್‌ನಲ್ಲಿ ಮಾತ್ರ ಇಟ್ಟಿದ್ದರೆ ಸ್ವಲ್ಪ ದಿನ ಜಾಸ್ತಿ ಬಾಳುತ್ತದೆ, ಅಷ್ಟೇ ವ್ಯತ್ಯಾಸ.

ಗಿಲ್ಡ್ ವಾರ್ಸ್ 2 ನೋಡಿ. 2012ರದ್ದು. ನಾಲ್ಕು ಸಾಮಾನಿನವರೆಗೆ ಸೇರಿಸಿ ಹೊಸ ರೆಸಿಪಿಯನ್ನು ನೀವೇ ಪತ್ತೆ ಮಾಡಬೇಕು ಅಂತ ಚೆಂದದ ವ್ಯವಸ್ಥೆ. ನಾನು ಪತ್ತೆ ಮಾಡಿದ್ದು ಹೇಗೆ ಗೊತ್ತಾ? ಪಕ್ಕದ ಕಿಟಕಿಯಲ್ಲಿ ವಿಕಿ ತೆರೆದಿಟ್ಟುಕೊಂಡು ಒಂದೊಂದಕ್ಕೇ ಟಿಕ್ ಹಾಕುತ್ತಾ. ಪ್ರತಿ ಸಲವೂ ಆಟ ಚಪ್ಪಾಳೆ ತಟ್ಟುವ ಹಾಗೆ 'ಹೊಸದು ಸಿಕ್ಕಿತು' ಅನ್ನುತ್ತಿತ್ತು. ನಾಚಿಕೆಯಾಗುತ್ತಿತ್ತು.

2019ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹಳೆಯ ರೂಪವನ್ನು ಕ್ಲಾಸಿಕ್ ಅಂತ ಮತ್ತೆ ಬಿಟ್ಟರು. 15 ವರ್ಷದಲ್ಲಿ ಕಲಿತದ್ದೆಲ್ಲ ಜನರ ಕೈಯಲ್ಲಿ ಸಿದ್ಧವಾಗಿತ್ತು. ಮೊದಲ ಸಲ ತಿಂಗಳುಗಟ್ಟಲೆ ಬೆವರಿಳಿಸಿದ್ದ ರಾಗ್ನರೋಸ್ ಎಂಬ ದೊಡ್ಡ ರಾಕ್ಷಸ ಈ ಸಲ ಒಂದು ವಾರದೊಳಗೇ ಬಿದ್ದ.

ನನ್ನ ಮಾತು ಕೇಳಿದರೆ ಬರೆದು ಹಾಕಿಬಿಡಿ. ಕಂಡುಹಿಡಿದವರು ಅಂತ ನಿಮ್ಮ ಹೆಸರಾದರೂ ಉಳಿಯಲಿ. ಬೇರೆಯವನು ಮೊದಲು ಬರೆದರೆ ಅದೂ ಇಲ್ಲ.

ಬೂದಿಕುಪ್ಪಿ

ನಮ್ಮಲ್ಲಿ ರೆಸಿಪಿ ಸರ್ವರ್‌ನಲ್ಲಿದೆ. ಫೈಲ್ ಬಿಚ್ಚಿದವರಿಗೆ ಈ ಮದ್ದಿನ ಹೆಸರು, ಚಿತ್ರ ಎರಡೂ ಸಿಕ್ಕಿವೆ. ಮಾಡುವ ಬಗೆ ಸಿಕ್ಕಿಲ್ಲ. ಆಟದಲ್ಲಿ ಇಂಥದ್ದೊಂದು ಇದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಾನೂ ಹುಡುಕಿದ್ದು.

ಒಂದು ಮಾತು ಹೇಳಲಾ? ಹಸಿರು ಬಂದ ರಾತ್ರಿ ಇಡೀ ಸರ್ವರ್‌ನಲ್ಲಿ, ಅಂದರೆ ನನ್ನ ಜೊತೆ ಒಂದೇ ಲೋಕದಲ್ಲಿ ಆಡುವ ಅಷ್ಟೂ ಜನರಲ್ಲಿ, ಅದು ಗೊತ್ತಿದ್ದದ್ದು ಬಹುಶಃ ನನಗೊಬ್ಬನಿಗೇ. ಯಾರಿಗೂ ಹೇಳದೆ ಒಂದು ದಿನ ಸುಮ್ನೆ ಊರೆಲ್ಲ ತಿರುಗಿದೆ. ಸಂತೆಯಲ್ಲಿ ನಿಂತು ಜನ 30 ಸೆಕೆಂಡಿನ ಮದ್ದು ಕೊಳ್ಳುವುದನ್ನು ನೋಡಿದೆ. ಆ ಒಂದು ದಿನದ ಖುಷಿ ಆಮೇಲೆ ಮದ್ದು ಮಾರಿದಾಗ ಬರಲಿಲ್ಲ.

ಮೊನ್ನೆ ಬಂದವಳು

ನಾನು ಈ ಆಟಕ್ಕೆ ಬಂದು ಐದು ವಾರ. ಮಗು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಕೆಲವು ದಿನ ಅದೂ ಇಲ್ಲ. ನನಗೆ 212 ಸಲ ಬೂದಿ ಮಾಡಲು ಎಷ್ಟು ವರ್ಷ ಬೇಕು ಅಂತ ಲೆಕ್ಕ ಹಾಕಿ ನಕ್ಕೆ.

ಗುಟ್ಟು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದರ ಹೆಸರಲ್ಲಿ ನಡೆಯುವ ದರ್ಪ ಇದೆಯಲ್ಲ, ಅದು ಬೇಜಾರು. ಮೊದಲ ವಾರ ಒಂದು ಮಾಮೂಲಿ ದೀಪದೆಣ್ಣೆ ಹೇಗೆ ಮಾಡುವುದು ಅಂತ ಚಾಟ್‌ನಲ್ಲಿ ಕೇಳಿದೆ. ಮೂರು ಜನ 'ಹುಡುಕಿಕೊಳ್ಳಿ' ಅಂದರು. ದೀಪದೆಣ್ಣೆ ಸ್ವಾಮಿ! ಅದು ಯಾರ ಗುಟ್ಟು? ಅವರಿಗೂ ಯಾರೋ ಹೇಳಿಕೊಟ್ಟದ್ದೇ ಅಲ್ವಾ?

ಇನ್ನೊಂದು ಕಡೆ, ನಿದ್ದೆಗೆಟ್ಟವರು ಹೇಳಿದ ಟಿಕ್ ಹಾಕುವ ಕೆಲಸ ನಾನೂ ಮಾಡಿದ್ದೇನೆ. ಬೇರೆ ಆಟದಲ್ಲಿ. ಎರಡು ವಾರಕ್ಕೆ ಬೇಜಾರಾಗಿ ಬಿಟ್ಟೆ. ಆಫೀಸಿನ ಎಕ್ಸೆಲ್ ಹಾಳೆ ಬಿಟ್ಟು ಇನ್ನೊಂದು ಎಕ್ಸೆಲ್ ಹಾಳೆಗೆ ಬಂದ ಹಾಗಾಗಿತ್ತು.

ನನಗೆ ಹಿಡಿಸಿದ್ದು ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನ ರೀತಿ. ಅಲ್ಲಿ ಒಂದೊಂದು ಗಿಡಕ್ಕೂ ನಾಲ್ಕು ಗುಣ, ನಾಲ್ಕೂ ಮುಚ್ಚಿಟ್ಟಿರುತ್ತವೆ. ಗಿಡವನ್ನು ಬಾಯಿಗೆ ಹಾಕಿಕೊಂಡರೆ ಮೊದಲನೆಯದು ಗೊತ್ತಾಗುತ್ತದೆ. ಉಳಿದದ್ದು ಬೆರೆಸಿ ನೋಡಿ ತಿಳಿಯಬೇಕು. ಬಾಗಿಲು ಸ್ವಲ್ಪ ತೆರೆದಿಟ್ಟ ಹಾಗೆ. ಒಂದು ಗಂಟೆ ಆಡುವವರಿಗೂ ಏನೋ ಒಂದು ಸಿಗುತ್ತದೆ.

ಬೂದಿಕುಪ್ಪಿ

ದೀಪದೆಣ್ಣೆ: ಎರಡು ಸಾಸಿವೆಬೀಜ, ಒಂದು ಜೇನುಮೇಣ, ಒಂದು ಒಣನಾರು, ಒಂದು ಸ್ವಚ್ಛ ನೀರು. ಉರಿ ಸಣ್ಣಗಿರಲಿ. ಆ ಮೂವರ ಪರವಾಗಿ ಕ್ಷಮೆ ಇರಲಿ.

ಮೊನ್ನೆ ಬಂದವಳು

ಥ್ಯಾಂಕ್ಸ್! ಇವತ್ತು ರಾತ್ರಿಯೇ ಮಾಡುತ್ತೇನೆ.

ಹಳೆ ಕುಲುಮೆ

ದೀಪದೆಣ್ಣೆ ಮಾತಿಗೆ ನೆನಪಾಯಿತು. ಮೈನ್‌ಕ್ರಾಫ್ಟ್‌ನ ಪೂರ್ಣ ಆವೃತ್ತಿ ಬಂದದ್ದು 2011ರಲ್ಲಿ. ಆಟದೊಳಗೆ ರೆಸಿಪಿ ಪುಸ್ತಕ ಬಂದದ್ದು 2017ರಲ್ಲಿ. ನಡುವೆ ಆರು ವರ್ಷ ಕೋಟಿಗಟ್ಟಲೆ ಮಕ್ಕಳು ಗುದ್ದಲಿ ಮಾಡುವುದನ್ನು ಕಲಿತದ್ದು ಗೆಳೆಯರಿಂದ, ವಿಡಿಯೊಗಳಿಂದ, ವಿಕಿಯಿಂದ. ಅಲ್ಲಿ ಯಾರೂ ಗುಟ್ಟು ಕಾಯಲಿಲ್ಲ. ಕಾದು ಏನು ಲಾಭ? ನಿಮ್ಮ ಗುದ್ದಲಿಯಿಂದ ನನ್ನ ಗುದ್ದಲಿ ಮೊಂಡಾಗುವುದಿಲ್ಲ. ಗುಟ್ಟಿನ ಹಟ ಹುಟ್ಟುವುದು ಸಂತೆ ಇರುವ ಕಡೆ, ಮೊದಲಿಗರಾಗುವ ಪೈಪೋಟಿ ಇರುವ ಕಡೆ.

ಗುಟ್ಟು ಜಾಸ್ತಿಯಾದರೆ ಇನ್ನೊಂದು ತಮಾಷೆ ನಡೆಯುತ್ತದೆ. ಮೂಢನಂಬಿಕೆ. 2002ರಲ್ಲಿ ಬಂದ ಫೈನಲ್ ಫ್ಯಾಂಟಸಿ 11ರಲ್ಲಿ ಕ್ರಾಫ್ಟಿಂಗ್ ಹೇಗೆ ನಡೆಯುತ್ತದೆ ಅಂತ ಆಟ ಬಾಯಿ ಬಿಡಲಿಲ್ಲ. ಜನರೇ ಶಾಸ್ತ್ರ ಕಟ್ಟಿದರು. ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಆಟದೊಳಗಿನ ವಾರದಲ್ಲಿ ಯಾವ ದಿನ ಒಳ್ಳೆಯದು, ಚಂದ್ರ ಎಷ್ಟು ತುಂಬಿರಬೇಕು. ನಾನೂ ನಂಬಿದ್ದೆ. ಒಂದು ಗಂಟಲಹಾರ ಮಾಡಲು ವಾಯವ್ಯಕ್ಕೆ ತಿರುಗಿ, ಅಮಾವಾಸ್ಯೆಗೆ ಕಾದು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ್ದು ನೆನಪಿದೆ. ಒಡೆದುಹೋಯಿತು. ಆದರೆ ನಿಜ ಹೇಳಬೇಕೆಂದರೆ ಆ ಕಾಯುವಿಕೆ ಚೆನ್ನಾಗಿತ್ತು. ಪಕ್ಕದಲ್ಲಿ ಇನ್ನೂ ನಾಲ್ಕು ಜನ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು.

ನಿದ್ದೆಗೆಟ್ಟವ

ಐದು ಜನ ಗೋಡೆ ನೋಡಿಕೊಂಡು ನಿಂತ ಚಿತ್ರ ಕಣ್ಣಿಗೆ ಕಟ್ಟಿತು.

ಲೆಕ್ಕದಮ್ಮ

ಎಲ್ಲ ಓದಿದೆ. ನಾನು ಮದ್ದು ಕಾಯಿಸುವವಳಲ್ಲ, ಮಾರುವವಳು. ಸಂತೆಯ ಕಡೆಯಿಂದ ಎರಡು ಮಾತು.

ಒಂದು, ಗುಟ್ಟು ಬೇರೆ, ತೂತು ಬೇರೆ. ಈವ್ ಆನ್‌ಲೈನ್‌ನಲ್ಲಿ 2008ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಗಲಾಟೆ ಆಯಿತು. ಕೆಲವರು ತಮ್ಮ ಬಾಹ್ಯಾಕಾಶ ನೆಲೆಯ ಯಂತ್ರಗಳಿಂದ ಕಚ್ಚಾ ಸಾಮಾನು ಹಾಕದೆಯೇ ದುಬಾರಿ ವಸ್ತು ತೆಗೆಯುತ್ತಿದ್ದರು. ಆಟದ ಕೋಡ್‌ನಲ್ಲಿದ್ದ ದೋಷ ಅದು. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡು ಬಹಳ ಕಾಲ ದುಡಿದರು. ಸಿಕ್ಕಿಬಿದ್ದ ಮೇಲೆ ಖಾತೆಗಳು ರದ್ದಾದವು. ಪುಕ್ಕಟೆ ಸರಕು ನಿಂತ ಕೂಡಲೇ ಆ ವಸ್ತುವಿನ ಬೆಲೆ ಎಗರಿತು. ಆಗ ಎಲ್ಲರಿಗೂ ಗೊತ್ತಾಯಿತು, ಇಷ್ಟು ದಿನ ತಾವು ನೋಡುತ್ತಿದ್ದ ಬೆಲೆಯೇ ಸುಳ್ಳು ಅಂತ. ಅಂಥದ್ದನ್ನು ಬಚ್ಚಿಟ್ಟರೆ ಕಳ್ಳತನ. ಬೂದಿಕುಪ್ಪಿ ಮಾಡಿದ್ದು ಅದಲ್ಲ. ಸಾಮಾನು ಹಾಕಿದ್ದಾರೆ, ಕುಪ್ಪಿ ಒಡೆದಿದ್ದಾರೆ, ಆಟ ಕೊಟ್ಟ ದಾರಿಯಲ್ಲೇ ಹೋಗಿದ್ದಾರೆ. ಈ ಎರಡನ್ನು ಒಂದೇ ಬುಟ್ಟಿಗೆ ಹಾಕುವವರಿಗೆ ನನ್ನ ಆಕ್ಷೇಪ ಇದೆ.

ಎರಡನೆಯದು ಬೂದಿಕುಪ್ಪಿಯವರಿಗೆ. ನಾವಿಬ್ಬರೂ ಒಂದೇ ಸರ್ವರ್ ಅನ್ನಿಸುತ್ತಿದೆ. ಆಮೆಚಿಪ್ಪಿನ ಪುಡಿ ವರ್ಷಗಟ್ಟಲೆ 2 ನಾಣ್ಯಕ್ಕೆ ಕೊಳೆಯುತ್ತಿತ್ತು. ಹೋದ ತಿಂಗಳಿಂದ ರಾತ್ರಿ ಹನ್ನೊಂದರ ಮೇಲೆ ಯಾರೋ 40, 50ರ ಕಟ್ಟುಗಳಲ್ಲಿ ಎತ್ತುತ್ತಿದ್ದಾರೆ. ಈಗ ಬೆಲೆ 35 ನಾಣ್ಯ. ಅದೇ ಹೊತ್ತಿಗೆ ಕರಿಗಂಧದ ತೊಗಟೆಯೂ ಖಾಲಿ. 90 ಸೆಕೆಂಡಿನ ಮದ್ದು ಸಂತೆಗೆ ಬರುವುದು ಮರುದಿನ ಬೆಳಗ್ಗೆ. ನಾನು ಏನನ್ನೂ ಕೇಳುತ್ತಿಲ್ಲ. ಸುಮ್ನೆ ಹೇಳಿದೆ.

ಬೂದಿಕುಪ್ಪಿ

ಅಯ್ಯೋ.

ತುಕ್ಕುಕತ್ತಿ

ಹಹಹ! ಬಾಯಿಗೆ ಬೀಗ, ಚೀಲಕ್ಕೆ ತೂತು. ನಾನು ಹೋಗಿ ಆಮೆಚಿಪ್ಪು ಕೊಳ್ಳುತ್ತೇನೆ.

ಬೂದಿಕುಪ್ಪಿ

ನಗಬೇಡಿ. ಗಿಲ್ಡ್ ಉಗ್ರಾಣ ಮುಚ್ಚಿದ್ದಕ್ಕೇ ಸಂತೆಗೆ ಹೋಗಬೇಕಾಯಿತು. ಒಳಗೇ ಸಾಮಾನು ಸಿಗುತ್ತಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರೆಸಿಪಿ ಹೊರಗೆ ಹೋಗಬಾರದು ಅಂತ ಹಟ ಹಿಡಿದ ನಾನು, ರೆಸಿಪಿ ಬೇಕು ಅಂತ ಹಟ ಹಿಡಿದ ಅವರು, ಇಬ್ಬರೂ ಸೇರಿ ಬೀದಿಗೆ ಹಾಕಿದೆವು.

ಆದರೂ ಲೆಕ್ಕದಮ್ಮ, ಸಾಮಾನು ಗೊತ್ತಾದರೆ ಮದ್ದು ಗೊತ್ತಾದ ಹಾಗಲ್ಲ. ಪ್ರಯತ್ನಿಸಿ ನೋಡಿ.

ಗಿಲ್ಡ್ ಗುಮಾಸ್ತ

ಇದು ಇಲ್ಲಿಗೆ ಬರುತ್ತದೆ ಅಂದುಕೊಂಡಿರಲಿಲ್ಲ. ಬೂದಿಕುಪ್ಪಿ, ನಮ್ಮ ಕಮ್ಮಾರ ಹೋದ ಮೇಲೆ ನಾವು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ. ಹೊಸದು ಕಂಡುಹಿಡಿದವರು ಒಂದು ಸೀಸನ್, ಅಂದರೆ ಆಟದ ಒಂದು ಸುತ್ತು, ಮುಗಿಯುವವರೆಗೆ ಯಾರಿಗೂ ಹೇಳಬೇಕಿಲ್ಲ. ಮಾರಿ, ಮೆರೆಯಿರಿ, ನಿಮ್ಮದು. ಆದರೆ ಮೊದಲ ದಿನವೇ ಒಂದು ಪತ್ರ ಬರೆದು ನಂಬಿಕೆಯ ಇಬ್ಬರ ಹತ್ತಿರ ಅರ್ಧರ್ಧ ಕೊಡಬೇಕು. 30 ದಿನ ನೀವು ಆಟಕ್ಕೆ ಬರದಿದ್ದರೆ ಅವರು ಜೋಡಿಸಿ ಓದುತ್ತಾರೆ. ಬದಲಿಗೆ ಉಗ್ರಾಣದ ಸಾಮಾನು ಬೂದಿಯಾದರೂ ಯಾರೂ ಬೈಯುವ ಹಾಗಿಲ್ಲ. ಆ ಕೊನೆಯ ಮಾತೇ ಮುಖ್ಯ. ಬೈಗುಳ ನಿಂತ ಮೇಲೆ ನಮ್ಮಲ್ಲಿ ಮೂರು ಜನ ಹೊಸದಾಗಿ ಪ್ರಯೋಗಕ್ಕೆ ಕೂತರು.

ತುಕ್ಕುಕತ್ತಿ

ಉಯಿಲು ಬರೆದ ಹಾಗಾಯಿತು. ಆ ಇಬ್ಬರು ಮೊದಲ ರಾತ್ರಿಯೇ ಜೋಡಿಸಿ ಓದಿದರೆ?

ಗಿಲ್ಡ್ ಗುಮಾಸ್ತ

ಒಂದು ಸಲ ಓದಿದರು. ಇಬ್ಬರನ್ನೂ ಹೊರಗೆ ಹಾಕಿದೆವು. ಅದರಲ್ಲಿ ಒಬ್ಬ ನನ್ನ ಗೆಳೆಯ. ಈಗ ಮಾತಿಲ್ಲ.

ಹಳೆ ಕುಲುಮೆ

ಬೇಕಿತ್ತಾ ಇದೆಲ್ಲ ಅನ್ನಿಸುತ್ತದೆ ಕೆಲವು ಸಲ.

2003ರಲ್ಲೇ ಬಂದ ಇನ್ನೊಂದು ಆಟ ಇದೆ, ಎ ಟೇಲ್ ಇನ್ ದ ಡೆಸರ್ಟ್. ಪ್ರಾಚೀನ ಈಜಿಪ್ಟ್. ಯುದ್ಧವೇ ಇಲ್ಲ, ಬರೀ ಕಸುಬು ಮತ್ತು ಪರೀಕ್ಷೆಗಳು. ಅದರಲ್ಲಿ ಬಣ್ಣ ಕಲಸುವ ಕೆಲಸ ನನಗೆ ತುಂಬಾ ಇಷ್ಟ. ಎರಡು ಬಣ್ಣ ಸೇರಿದಾಗ ಅವುಗಳ ನಡುವೆ ಒಂದು ಪ್ರತಿಕ್ರಿಯೆ ನಡೆದು ಬೇರೆಯೇ ಬಣ್ಣ ಬರುತ್ತದೆ. ಆ ಪ್ರತಿಕ್ರಿಯೆ ಒಬ್ಬೊಬ್ಬ ಆಟಗಾರನಿಗೂ ಬೇರೆ. ಹಾಗಾಗಿ ನನ್ನ ಕೆಂಪನ್ನು ನಿಮಗೆ ಹೇಳಿ ಪ್ರಯೋಜನವಿಲ್ಲ. ಕೆಂಪು ಹುಡುಕುವುದು ಹೇಗೆ ಅಂತ ಹೇಳಬಹುದು. ಯಾವುದನ್ನು ಮೊದಲು ಪರೀಕ್ಷಿಸಬೇಕು, ಹೇಗೆ ಬರೆದಿಟ್ಟುಕೊಳ್ಳಬೇಕು. ಜನ ಧಾರಾಳವಾಗಿ ಹೇಳಿಕೊಡುತ್ತಿದ್ದರು. ಯಾರಿಗೂ ಹೊಟ್ಟೆಕಿಚ್ಚು ಇರಲಿಲ್ಲ, ಕದಿಯಲು ಏನಿತ್ತು?

ಆಶೆರನ್ಸ್ ಕಾಲ್‌ನಲ್ಲೂ ಒಬ್ಬೊಬ್ಬರಿಗೆ ಒಂದೊಂದು ಅಂತಲೇ ಇತ್ತು, ಆ ಬೀಗ ಒಡೆಯಿತಲ್ಲ ಅಂತ ನೀವು ಕೇಳಬಹುದು. ನಿಜ. ಇಲ್ಲೂ ಅಂಕಿ ತುಂಬಿದರೆ ಬಣ್ಣ ಹೇಳುವ ಪ್ರೋಗ್ರಾಂ ಬರೆದವರಿದ್ದರು. ಆದರೆ ಆ ಅಂಕಿ ಹುಟ್ಟಬೇಕಾದರೆ ನಿಮ್ಮ ಕೈ ಬಣ್ಣಕ್ಕೆ ಅದ್ದಲೇಬೇಕಿತ್ತು.

ಬೂದಿಕುಪ್ಪಿ, ಆ 212 ಸಾಲಿನ ನೋಟ್‌ಬುಕ್ ಇದೆಯಲ್ಲ. ಕೊನೆಯ ಸಾಲು ಬಿಟ್ಟು ಉಳಿದ 211 ಸಾಲು ಗಿಲ್ಡ್‌ಗೆ ಕೊಡಬಹುದಾ?

ಬೂದಿಕುಪ್ಪಿ

ಇದನ್ನು ಯೋಚಿಸಿರಲಿಲ್ಲ. ಆ 211ರಲ್ಲಿ ಏನಿದೆ ಗೊತ್ತಾ? ಹಾವುಬಳ್ಳಿ ಮೊದಲ ಖಾನೆಗೆ ಬಂದರೆ ಯಾವತ್ತೂ ಬೂದಿ. ಉಪ್ಪು ಹಾಕಿದರೆ ಹೊಗೆ ನೀಲಿಯಾಗುತ್ತದೆ, ಅಂದರೆ ಉರಿ ಜಾಸ್ತಿ. 118ರಿಂದ 140ರವರೆಗೆ ಒಂದೇ ತಪ್ಪನ್ನು 23 ಸಲ ಮಾಡಿದ್ದೇನೆ, ಉರಿಯೊಂದನ್ನೇ ಬದಲಿಸುತ್ತಾ. ಬೇರೆಯವರು ಓದಿದರೆ ಮಾನ ಹೋಗುತ್ತದೆ. ಆದರೆ ಅದನ್ನು ಓದಿದವರಿಗೆ ಎರಡು ತಿಂಗಳು ಉಳಿಯುತ್ತದೆ.

ನಾಳೆ ಮುಖಂಡರ ಹತ್ತಿರ ಮಾತಾಡುತ್ತೇನೆ. ಉಗ್ರಾಣ ತೆರೆದರೆ 211 ಸಾಲು ಅವತ್ತೇ. ಕೊನೆಯ ಸಾಲು ಗುಮಾಸ್ತರು ಹೇಳಿದ ಹಾಗೆ, ಸೀಸನ್ ಮುಗಿದ ಮೇಲೆ.

ನಿದ್ದೆಗೆಟ್ಟವ

ಸೀಸನ್ ಮುಗಿಯಲು ಇನ್ನೂ ಏಳು ವಾರ. ಅಷ್ಟರೊಳಗೆ ಸೋರದಿದ್ದರೆ ನನ್ನ ಹೆಸರು ಚೆನ್ನಾಗಿ ನಿದ್ದೆ ಮಾಡಿದವ ಅಂತ ಬದಲಿಸಿಕೊಳ್ಳುತ್ತೇನೆ.

ಲೆಕ್ಕದಮ್ಮ

ಮೂರು ರಾತ್ರಿ ಹಾಳು ಮಾಡಿಕೊಂಡೆ. ಒಬ್ಬ ಮದ್ದುಗಾರನನ್ನು ಕೂಲಿಗೆ ಇಟ್ಟುಕೊಂಡು ಕಾಯಿಸಿದ್ದೂ ಆಯಿತು. ಸಂತೆಯ ಲೆಕ್ಕದಿಂದ ನಾಲ್ಕು ಸಾಮಾನು ಹಿಡಿದಿದ್ದೇನೆ. ನಾಲ್ಕೂ ಸರಿ ಅಂತ ಗ್ಯಾರಂಟಿ, ಹೆಸರು ಇಲ್ಲಿ ಬರೆಯುವುದಿಲ್ಲ, ಅಷ್ಟು ಮರ್ಯಾದೆ ಇದೆ. ಐದನೆಯದು ಮಾತ್ರ ಸಿಗುತ್ತಿಲ್ಲ. ಆ ತಿಂಗಳು ಬೆಲೆ ಏರಿದ ಎಲ್ಲವನ್ನೂ ಹಾಕಿ ನೋಡಿದೆ. ಏರದೇ ಇದ್ದದ್ದನ್ನೂ ಹಾಕಿದೆ. 61 ಕುಪ್ಪಿ ಹೋಯಿತು. ಒಂದೇ ಒಂದು ಸಲ ತಿಳಿಹಸಿರು ಬಂತು, 41 ಸೆಕೆಂಡ್ ತಡೆಯಿತು.

ಐದನೆಯದನ್ನು ನೀವೇ ಕಾಡಿನಲ್ಲಿ ಕಿತ್ತು ತರುತ್ತೀರಾ?

ಬೂದಿಕುಪ್ಪಿ

ಇಲ್ಲ. ಅದು ಕಾಡಿನಲ್ಲೂ ಸಿಗುವುದಿಲ್ಲ. ನಿಮ್ಮ ಸಂತೆಯ ಲೆಕ್ಕದಲ್ಲಿ ಯಾವತ್ತೂ ಕಾಣುವುದಿಲ್ಲ ಲೆಕ್ಕದಮ್ಮ, ಅಷ್ಟು ಹೇಳಬಲ್ಲೆ. 41 ಸೆಕೆಂಡ್ ತಂದಿದ್ದೀರಿ ಅಂದರೆ ಕೈ ಚೆನ್ನಾಗಿದೆ. ನಾನು 160ನೇ ಸಾಲಿನವರೆಗೆ ಅಷ್ಟನ್ನೂ ಕಂಡಿರಲಿಲ್ಲ.

ತುಕ್ಕುಕತ್ತಿ

ಕಾಡಿನಲ್ಲಿಲ್ಲ, ಸಂತೆಯಲ್ಲಿಲ್ಲ. ರಾಕ್ಷಸನ ಉಗುರಾ? ಗಿಲ್ಡ್ ಮುಖಂಡರ ಕಣ್ಣೀರಾ?

ಲೆಕ್ಕದಮ್ಮ

ಉಗುರು ಹಾಕಿ ನೋಡಿದೆ. ಬೂದಿ.

ಮೊನ್ನೆ ಬಂದವಳು

ನಿಮ್ಮ ದೊಡ್ಡ ದೊಡ್ಡ ಮದ್ದಿನ ನಡುವೆ ನನ್ನದೊಂದು ಸಣ್ಣ ಪ್ರಶ್ನೆ. ಬೂದಿಕುಪ್ಪಿಯವರು ಹೇಳಿದ ದೀಪದೆಣ್ಣೆ ಚೆನ್ನಾಗಿ ಬಂತು, ಇಪ್ಪತ್ತು ಕುಪ್ಪಿ ಮಾಡಿದೆ. ನಿನ್ನೆ ಇನ್ನೊಂದು ಸಲ ಮಾಡುವಾಗ ಮಗು ಎದ್ದು ಅತ್ತಿತು. ಗಡಿಬಿಡಿಯಲ್ಲಿ ಒಂದು ಖಾನೆಗೆ ಏನೂ ಹಾಕಿರಲಿಲ್ಲ, ಕೆಂಪು ಗುರುತು ಮಿನುಗುತ್ತಿತ್ತು, ಅದನ್ನೂ ನೋಡದೆ ಉರಿ ಹಚ್ಚಿ ಎದ್ದುಹೋದೆ. ವಾಪಸ್ ಬಂದಾಗ ಕುಪ್ಪಿ ಒಡೆದಿರುತ್ತದೆ ಅಂದುಕೊಂಡಿದ್ದೆ. ಒಡೆದಿರಲಿಲ್ಲ. ಎಣ್ಣೆ ಬಂದಿದೆ, ಮಾಮೂಲಿಗಿಂತ ಮೂರು ಪಟ್ಟು ಹೊತ್ತು ಉರಿಯುತ್ತಿದೆ. ಇದು ಆಟದ ದೋಷವಾ? ಲೆಕ್ಕದಮ್ಮ ಹೇಳಿದ ಈವ್ ಕಥೆಯ ಹಾಗೆ ನನ್ನ ಖಾತೆ ರದ್ದು ಮಾಡುತ್ತಾರಾ? ಯಾರಿಗಾದರೂ ತಿಳಿಸಬೇಕಾ?

ಬೂದಿಕುಪ್ಪಿ

ಯಾವ ಖಾನೆ?